ಗೆಳೆಯನಿಗೊಂದು ಪತ್ರ: ಎರಡನೆಯ ಸಲ ಮುಳುಗಬೇಕೆ?

ಉಡುಪಿ

ಪ್ರಿಯ ಗೆಳೆಯಾ,

ನಮ್ಮ ಸಿಎಸ್‌ಐ ಸಭೆ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟೆಂಟ್ ಚರ್ಚು) ಬಿಡುವುದು ಖಚಿತವೇ ಎಂದು ನೀನು ಕೇಳಿ ತಿಂಗಳಾಯಿತು. ಮೊದಲು ಸಿಟ್ಟು ಇಳಿಯಲಿ ಎಂದು ಕಾದೆ. ಸಭಾ ಸಮಿತಿಯ ಚುನಾವಣೆಯ ಜಗಳಕ್ಕೆ ಬೇಸತ್ತು ಹೊರಟವನು ಇನ್ನೊಂದು ಸಭೆಯ ಜಗಳಕ್ಕೂ ಬೇಸತ್ತಾನು. ಈಗ ಸಿಟ್ಟು ಇಳಿದಿದೆ, ಪ್ರಶ್ನೆ ಉಳಿದಿದೆ: ಎಳೆಗೂಸಿನ ತಲೆಗೆ ನೀರು ಹಾಕಿ ಸಭೆಗೆ ಸೇರಿಸಿಕೊಂಡದ್ದು ನಿಜವಾದ ದೀಕ್ಷಾಸ್ನಾನವೇ?

ನಾನೀಗ ಹೋಗುತ್ತಿರುವ ಸಭೆಯವರು ಅಲ್ಲವೆನ್ನುತ್ತಾರೆ. ನಂಬಿಕೆ ಮೊದಲು, ನೀರಲ್ಲಿ ಮುಳುಗಿ ಏಳುವುದು ಆಮೇಲೆ. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಕ್ರಮವೂ ಹಾಗೆಯೇ ಇದೆ. ನಮ್ಮವರು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ತೆರೆಯುತ್ತಾರೆ: ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಪಡೆದ. ಆ ಮನೆಯಲ್ಲಿ ತೊಟ್ಟಿಲಿತ್ತೇ ಎಂದು ಲೂಕ ಬರೆದಿಲ್ಲ.

ಇದೇ ತಕರಾರಿಗೆ 1527ರಲ್ಲಿ ಜೂರಿಕ್‌ನಲ್ಲಿ ದೊಡ್ಡವರಿಗೆ ಮರಳಿ ದೀಕ್ಷಾಸ್ನಾನ ಕೊಡುತ್ತಿದ್ದ ಫೆಲಿಕ್ಸ್ ಮಾಂಜ್‌ನನ್ನು ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ಪ್ರಾಟೆಸ್ಟೆಂಟರೇ. 1834ರಲ್ಲಿ ಮಂಗಳೂರಿಗೆ ಬಂದ ನಮ್ಮ ಬಾಸೆಲ್ ಮಿಷನ್ನಿನ ಊರೂ ಅದೇ ಸ್ವಿಟ್ಜರ್ಲೆಂಡಿನಲ್ಲಿದೆ. ನಮ್ಮವರದೇ ಸರಿ ಎಂದು ಎದೆ ತಟ್ಟಿಕೊಳ್ಳಲು ನನಗೆ ನಾಚಿಕೆ.

ಮೊನ್ನೆ ಭಾನುವಾರ ಆ ಹೊಸ ಸಭೆಯಲ್ಲಿ ಪ್ರಭುಭೋಜನದ ರೊಟ್ಟಿಯ ತಟ್ಟೆ ಪಕ್ಕದವರ ಕೈಗೆ ಬಂತು. ಅವರು ನನ್ನ ಮುಖ ನೋಡದೆ, ನನ್ನ ಮೊಣಕಾಲಿನ ಮೇಲಿಂದಲೇ ಅದನ್ನು ಆಚೆಯವರಿಗೆ ದಾಟಿಸಿದರು. ಮುಳುಗಿ ಎದ್ದವರಿಗೆ ಮಾತ್ರವಂತೆ. ತಮಾಷೆ ನೋಡು, ಕೆಥೊಲಿಕನಾದ ನಿನ್ನ ಇಗರ್ಜಿ ಕೂಡ ನನ್ನ ಆ ಮೊದಲ ನೀರನ್ನು ಒಪ್ಪುತ್ತದೆ, ಇವರು ಒಪ್ಪುವುದಿಲ್ಲ.

ಮನೆಗೆ ಬಂದರೆ ಅಮ್ಮ ಟ್ರಂಕಿನಿಂದ ಒಂದು ಪುಟ್ಟ ಬಿಳಿ ಅಂಗಿ ತೆಗೆದು ಬಿಸಿಲಿಗೆ ಹಾಕಿದ್ದಳು. ನಾವು ಮಕ್ಕಳು ಮೂವರೂ ದೀಕ್ಷಾಸ್ನಾನಕ್ಕೆ ತೊಟ್ಟದ್ದು. ಕುತ್ತಿಗೆಯ ಗುಂಡಿ ಕಳೆದ ಕಡೆ ಅಪ್ಪನ ಷರಟಿನ ಗುಂಡಿ ಹೊಲಿದಿದೆ, ಅಂಗಿಗಿಂತ ಅದೇ ದೊಡ್ಡದಾಗಿ ಕಾಣುತ್ತದೆ. ಬೂಷ್ಟು ಹಿಡಿದಿತ್ತು ಎಂದಳು. ಬೇರೇನೂ ಹೇಳಲಿಲ್ಲ.

ನಮ್ಮ ಸಿಎಸ್‌ಐ ಸಭೆಯಲ್ಲಿ ಮಗುವಿಗೂ ಕೊಡುತ್ತಾರೆ, ದೊಡ್ಡವರಾಗಿ ನಂಬಿ ಬಂದವರಿಗೂ ಕೊಡುತ್ತಾರೆ. ಒಬ್ಬರಿಗೇ ಎರಡು ಸಲ ಇಲ್ಲ. ಸ್ವರ್ಣಾ ನದಿಯ ನೀರಿಗೆ ನಾನು ಹೆದರುವವನಲ್ಲ. ಆದರೆ ಮುಳುಗಿದರೆ, ಅಂದು ಆದದ್ದು ಬರೀ ತಲೆ ಒದ್ದೆಯಾದದ್ದು ಎಂದು ಎಲ್ಲರೆದುರು ಸಾಕ್ಷಿ ಹೇಳಿದಂತೆ. ದೊಡ್ಡವರು ತಾವಾಗಿ ಕೇಳಿ ಪಡೆಯುವುದೇ ಮೇಲು ಎಂದು ನನಗೂ ಅನ್ನಿಸುತ್ತದೆ. ನನ್ನದು ಸುಳ್ಳಾಗಿತ್ತು ಎನ್ನಲು ಮಾತ್ರ ನಾಲಗೆ ಏಳುವುದಿಲ್ಲ.

ಹಾಗಾಗಿ ಈ ವರ್ಷ ಮುಳುಗುವುದಿಲ್ಲ ಎಂದು ಅವರಿಗೆ ಹೇಳಿಬಿಟ್ಟೆ. ಅವರ ಬುಧವಾರದ ವೇದಪಾಠಕ್ಕೆ ಹೋಗುತ್ತೇನೆ, ಅಷ್ಟು ಚೆನ್ನಾಗಿ ಓದಿಸುವವರು ನಮ್ಮಲ್ಲಿಲ್ಲ. ಭಾನುವಾರ ಅಮ್ಮನ ಪಕ್ಕದ ಹಳೆಯ ಬೆಂಚು. ಶನಿವಾರ ಮಂಗಳೂರಿಗೆ ಬರುತ್ತೇನೆ, ಬಲ್ಮಠದಲ್ಲಿ ಸಿಗು. ಬೈಯುವುದಿದ್ದರೆ ಅಲ್ಲೇ ಬೈದುಬಿಡು.

ನಿನ್ನ ಗೆಳೆಯ