ವಿಷದ ಪಟ್ಟಿ ಸಿದ್ಧವಿದೆ, ಔಷಧ ಎಲ್ಲಿ?

ಮಾನ್ಯರೇ,

ವಿಜ್ಞಾನಿಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬರುವುದೇ ಅಪರೂಪ. ಬಂದರೂ ಎಷ್ಟು ಪ್ರಬಂಧ, ಯಾವ ಪ್ರಶಸ್ತಿ, ಯಾವ ದೇಶಕ್ಕೆ ಹೋಗಿ ಬಂದರು, ಕೊನೆಗೊಂದು ಶಾಲು ಹೊದಿಸಿದ ಫೋಟೊ. ಪ್ರೋಟಿಯೋಮಿಕ್ಸ್, ಮಾಸ್ ಸ್ಪೆಕ್ಟ್ರೋಮೆಟ್ರಿ ಅಂತ ಎರಡು ಪದ ಹಾಕಿ ಮುಂದೆ ಹೋಗಿಬಿಡುತ್ತಾರೆ. ಆ ಪದಗಳ ಹಿಂದಿನ ಕೆಲಸ, ಅಂದರೆ ಹಾವಿನ ವಿಷದಲ್ಲಿ ಏನೇನಿದೆ ಎಂದು ಪತ್ತೆ ಮಾಡುವುದು, ಕಾಫಿ ತೋಟದವರಾದ ನಮಗೆ ಬೇಕಾದ ಭಾಗವೇ ಅದು.

ನಮ್ಮಲ್ಲಿ ಉಬ್ಬುಮೂಗಿನ ಗುಳಿಮಂಡಲ ಎಂಬ ಸಣ್ಣ ಹಾವಿದೆ. ಎರಡು ಗೇಣು ಉದ್ದ ಇದ್ದರೆ ಜಾಸ್ತಿ. ಒಣಗಿದ ಎಲೆಯದೇ ಬಣ್ಣ. ಕಾಫಿ ಗಿಡದ ಬುಡದ ತರಗಿನಲ್ಲಿ ಸುಮ್ನೆ ಸುರುಳಿ ಸುತ್ತಿ ಕೂತಿರುತ್ತದೆ. ಹೋದ ಮಳೆಗಾಲ ಕಳೆ ತೆಗೆಯುತ್ತಿದ್ದ ನಮ್ಮ ತೋಟದ ಹೆಂಗಸಿಗೆ ಕಚ್ಚಿತು. ಹಾವಿನ ಫೋಟೊ ಮೊಬೈಲಿನಲ್ಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟರು. ಆಮೇಲೆ ಓರೆ ಮಾಡಿ ನೋಡಿದರು. ಹೆಪ್ಪುಗಟ್ಟಿರಬೇಕಿದ್ದ ರಕ್ತ ಸರಾಗವಾಗಿ ನಳಿಕೆಯ ಬಾಯಿಯ ಕಡೆಗೆ ಹರಿಯಿತು. ವಿಷ ರಕ್ತಕ್ಕೆ ತಟ್ಟಿದೆ ಎಂದರ್ಥ. ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧ) ಇದೆ, ಆದರೆ ಈ ಹಾವಿನದ್ದಲ್ಲ ಎಂದರು. ಮೈಸೂರಿಗೆ ಕರೆದೊಯ್ದು, ಡಯಾಲಿಸಿಸ್ ಆಗಿ, ಈಗ ಆಕೆ ಆರಾಮಾಗಿದ್ದಾಳೆ. ಇದರಲ್ಲಿ ಡಾಕ್ಟರ ತಪ್ಪೇನೂ ಇಲ್ಲ. ದೇಶದಲ್ಲಿ ಸಿಗುವ ಆಂಟಿವೆನಮ್ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ.

ಈಗ ಲ್ಯಾಬಿನ ವಿಷಯಕ್ಕೆ ಬರುತ್ತೇನೆ. ಹಾವಿನ ವಿಷ ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನ್‌ಗಳ ಮಿಶ್ರಣ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಗ್ರೇಡ್ ಮಾಡುವ ಹಾಗೆ ಮೊದಲು ಅವನ್ನು ಬೇರೆ ಬೇರೆ ಮಾಡುತ್ತಾರೆ. ಆಮೇಲೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತುಂಡರಿಸುತ್ತಾರೆ. ಟ್ರಿಪ್ಸಿನ್ ಸಿಕ್ಕಸಿಕ್ಕಲ್ಲಿ ಕತ್ತರಿಸುವುದಿಲ್ಲ, ಪ್ರೋಟೀನಿನ ಸರಪಳಿಯಲ್ಲಿ ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೊ ಆಮ್ಲ ಇರುವ ಕಡೆ ಮಾತ್ರ. ಹಾಗಾಗಿ ತುಂಡುಗಳ ತೂಕ ಸಿಕ್ಕರೆ ಅವು ಯಾವ ಪ್ರೋಟೀನಿನವು ಎಂದು ಲೆಕ್ಕ ಹಾಕಬಹುದು. ಆ ತೂಕ ಹೇಳುವ ಯಂತ್ರವೇ ಮಾಸ್ ಸ್ಪೆಕ್ಟ್ರೋಮೀಟರ್. ದ್ರಾವಣವನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಸಿಂಪಡಿಸಿ, ತುಂಡುಗಳಿಗೆ ಚಾರ್ಜ್ ಬರಿಸಿ ಅದರೊಳಕ್ಕೆ ಬಿಡುತ್ತಾರೆ. ದೊಡ್ಡ ಪ್ರೋಟೀನನ್ನೂ ಹೀಗೆ ತೂಗಬಹುದು ಎಂದು ತೋರಿಸಿದ ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್ ಬಂದಾಗ ವಯಸ್ಸು 85. ಆ ಕೆಲಸ ಮಾಡಿದ್ದೂ 70 ತುಂಬಿದ ಮೇಲೆಯೇ! ನಮ್ಮಲ್ಲಾದರೆ 60ಕ್ಕೇ ಹಾರ ಹಾಕಿ ಮನೆಗೆ ಕಳಿಸುತ್ತೇವೆ, ಅಲ್ವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ವರ್ಷಗಳಿಂದ ಇದೇ ಕೆಲಸದಲ್ಲಿದೆ. ಆ ನಾಲ್ಕರ ಆಚೆಗಿನ ಹಾವುಗಳ ವಿಷವನ್ನು ಬಿಡಿಸಿ ನೋಡಿ, ಸಿಂದ್ ಕಟ್ಟುಹಾವಿನಂಥವುಗಳಿಗೆ ಮಾರುಕಟ್ಟೆಯ ಆಂಟಿವೆನಮ್ ಸರಿಯಾಗಿ ನಾಟುವುದಿಲ್ಲ ಎಂದು 2019ರಲ್ಲೇ ತೋರಿಸಿದರು. ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ ಎನ್ನುವುದೂ ಅವರ ಕೆಲಸದಿಂದ ಗೊತ್ತಾಗಿದೆ. ನಮ್ಮ ಗುಳಿಮಂಡಲವನ್ನೂ ಯಾರೂ ಬಿಟ್ಟಿಲ್ಲ. ಪಶ್ಚಿಮ ಘಟ್ಟದಲ್ಲಿ ಸಿಕ್ಕ ಈ ಹಾವಿನ ವಿಷದಲ್ಲಿ ಏನೇನಿದೆ ಎಂದು ಕೇರಳದ ಸಂಶೋಧಕರು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದಲೇ ಪತ್ತೆ ಮಾಡಿ ಪ್ರಕಟಿಸಿದ್ದಾರೆ.

ಅಂದರೆ ಒಬ್ಬ ವಿಜ್ಞಾನಿ ಜೀವಮಾನವಿಡೀ ಮಾಡುವಂಥ ಕೆಲಸ ಆಗಿದೆ. ನಿಂತಿರುವುದು ಅದರ ಮುಂದಿನ ಹೆಜ್ಜೆ. ಗುಡ್ಡಗಾಡಿನ ಕೂಲಿಯವರಿಗೆ ಕಚ್ಚುವ ಹಾವಿಗೆ ಔಷಧ ಮಾಡಿದರೆ ಲಾಭ ಎಷ್ಟು ಎಂದು ಕಂಪನಿಗಳು ನೋಡುತ್ತವೆ. ಅದಕ್ಕೇ ಇದನ್ನು ಸರ್ಕಾರವೇ ಮುಂದೆ ನಿಂತು ಮಾಡಿಸಬೇಕು ಎನ್ನುವುದು ನನ್ನ ವಾದ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಕಚ್ಚಿದ್ದು ಯಾವ ಹಾವು ಎಂಬುದೂ ಗೊತ್ತಾದಷ್ಟು ಮಟ್ಟಿಗೆ ಅದರಲ್ಲಿ ಸೇರಲಿ. ಗುಳಿಮಂಡಲ ಎಷ್ಟು ಜನರಿಗೆ ಕಚ್ಚಿದೆ ಎಂಬ ಕೊಡಗಿನ ಲೆಕ್ಕವನ್ನು ತಾವು ಆರೋಗ್ಯ ಇಲಾಖೆಯಿಂದ ಕೇಳಿ ಪಡೆದು, ತಾಲ್ಲೂಕುವಾರು ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿ. ಕಾಫಿ ಕುಯ್ಲು ಶುರುವಾಗುವುದರೊಳಗೆ ಬಂದರೆ ಇನ್ನೂ ಒಳ್ಳೆಯದು.

— ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು, ಕೊಡಗು