ಮೊದಲು ಐಪಿ ವಿಳಾಸ, ಆಮೇಲೆ ಬಿಲ್ಲು: ಹೊಸ ಸರ್ವರ್ ಕೊಡುವ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ರಾಜ್ಯೋತ್ಸವದ ರಜೆ ಮುಗಿದ ಮೇಲೆ, ನವೆಂಬರ್ 3ರಿಂದ, ನಾವು ಹೊಸ ವರ್ಚುವಲ್ ಸರ್ವರ್ (ದೊಡ್ಡ ಯಂತ್ರದ ಒಂದು ಪಾಲನ್ನು ಬಾಡಿಗೆಗೆ ಕೊಡುವುದು) ಕೊಡುವ ಕ್ರಮ ಬದಲಾಗುತ್ತದೆ. ಇಲ್ಲಿಯವರೆಗೆ ನೀವು ಪ್ಲ್ಯಾನ್ ಆರಿಸಿ ಯುಪಿಐನಲ್ಲಿ ಹಣ ಹಾಕಿದರೆ ಹತ್ತೇ ನಿಮಿಷದಲ್ಲಿ ಸರ್ವರ್ ಸಿದ್ಧವಾಗುತ್ತಿತ್ತು. ಯಾವ ಐಪಿ ವಿಳಾಸ (ಅಂತರ್ಜಾಲದಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಬಂತೋ ಅದೇ ನಿಮ್ಮದು. ಇನ್ನು ಮುಂದೆ ನಿಮಗೆ ಕೊಡಲಿರುವ ವಿಳಾಸವನ್ನು ಮೊದಲೇ ತಿಳಿಸುತ್ತೇವೆ. ನಾವು ಮಾಡಿದ ತಪಾಸಣೆಯ ವಿವರ ಜೊತೆಗಿರುತ್ತದೆ. ನೀವೂ ಒಮ್ಮೆ ನೋಡಿ, ಒಪ್ಪಿಗೆಯಾದರೆ ಮಾತ್ರ ಹಣ ಕಟ್ಟಿ. ಇದರಿಂದ ಸರ್ವರ್ ಕೈಸೇರುವುದು ಒಂದು ಕೆಲಸದ ದಿನ ತಡವಾಗುತ್ತದೆ. ದರದಲ್ಲಿ ಬದಲಾವಣೆ ಇಲ್ಲ.

ಇದನ್ನು ಈಗಲೇ, ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೇ ಜಾರಿಗೆ ತರುವುದಕ್ಕೆ ಕಾರಣವಿದೆ. ನಮ್ಮ ಗ್ರಾಹಕರ ಸರ್ವರ್‌ಗಳಿಂದ ಅತಿ ಹೆಚ್ಚು ಮೇಲ್ ಹೊರಡುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ತೋಟದವರು ಹೊರದೇಶದ ಖರೀದಿದಾರರಿಗೆ ಸ್ಯಾಂಪಲ್ ವಿವರ ಕಳಿಸುತ್ತಾರೆ. ಹೋಂಸ್ಟೇಯವರಿಗೆ ಡಿಸೆಂಬರ್ ರಜೆಯ ಬುಕಿಂಗ್. ಮೇಲ್ ಬೌನ್ಸ್ ಆದರೆ ಒಂದು ರೀತಿಯಲ್ಲಿ ಒಳ್ಳೆಯದೇ, ಹೋಗಿಲ್ಲ ಅಂತ ಗೊತ್ತಾದರೂ ಆಗುತ್ತದೆ. ಸದ್ದಿಲ್ಲದೆ ಸ್ಪ್ಯಾಮ್ ಫೋಲ್ಡರಿಗೆ ಬೀಳುವ ಮೇಲ್‌ನದೇ ಕಷ್ಟ. ಬುಕಿಂಗ್ ಖಚಿತವಾದ ಮೇಲ್, ದಾರಿಯ ವಿವರ ಸಮೇತ, ಅತಿಥಿಯ ಕಣ್ಣಿಗೇ ಬೀಳುವುದಿಲ್ಲ. ಅವರು ಬೆಂಗಳೂರಿಂದ ಹೊರಟು, ಡಾಂಬರು ಮುಗಿದು ಮಣ್ಣುರಸ್ತೆ ಕವಲೊಡೆಯುವ ಜಾಗಕ್ಕೆ ಬಂದು, ಯಾವ ಕಡೆ ತಿರುಗಬೇಕೋ ತಿಳಿಯದೆ ನಿಲ್ಲುತ್ತಾರೆ. ಫೋನ್ ಮಾಡೋಣವೆಂದರೆ ಅಲ್ಲಿ ನೆಟ್‌ವರ್ಕ್ ಸಿಗದು. ಮರುದಿನ ಹೋಂಸ್ಟೇಗೆ ಒಂದು ಸ್ಟಾರಿನ ರಿವ್ಯೂ. ವೆಬ್‌ಸೈಟ್ ಸರಿಯಿದೆ, ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳೂ ಸರಿಯಿವೆ, ಬರೆದ ವಿಷಯದಲ್ಲೂ ದೋಷವಿಲ್ಲ. ಆ ಸರ್ವರ್‌ಗೆ ಸಿಕ್ಕ ಐಪಿ ವಿಳಾಸಕ್ಕೆ ಹಿಂದೆ ಯಾರೋ ತಂದ ಕೆಟ್ಟ ಹೆಸರು ಅಂಟಿಕೊಂಡಿದೆ, ಅಷ್ಟೆ.

ನಾಲ್ಕು ಸಂಖ್ಯೆಗಳಲ್ಲಿ ಬರೆಯುವ ಐಪಿ ವಿಳಾಸಗಳು, ಅಂದರೆ ಐಪಿವಿ4, ಈಗ ಬಹುತೇಕ ಹೊಸವಲ್ಲ. ಇರುವುದೇ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳು. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿ 3ರಂದು ಹಂಚಿಹೋಯಿತು. ನಮ್ಮ ಏಷ್ಯಾ ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಏಪ್ನಿಕ್ ಅದೇ ವರ್ಷ ಏಪ್ರಿಲ್‌ನಲ್ಲಿ ತನ್ನ ಕೊನೆಯ ಕಟ್ಟಿಗೆ ಕೈಹಾಕಿತು. 2019ರಿಂದ ಅದು ಹೊಸಬರಿಗೆ ಕೊಡುವುದು ಹೆಚ್ಚೆಂದರೆ 512 ವಿಳಾಸ. ಇನ್ನೂ ಬೇಕೆಂದರೆ ಬೇರೆಯವರಿಂದ ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ಹಿಡಿಯಬೇಕು. ಹೀಗೆ ಒಂದೇ ವಿಳಾಸ ವರ್ಷಗಳಲ್ಲಿ ಹತ್ತಾರು ಕೈ ದಾಟಿರುತ್ತದೆ. ಅದರಲ್ಲಿ ಒಬ್ಬ ಸ್ಪ್ಯಾಮ್ ಕಳಿಸಿದ್ದರೂ, ಒಬ್ಬನ ಸರ್ವರ್ ಹ್ಯಾಕ್ ಆಗಿ ಲಾಗಿನ್ ದಾಳಿಗೆ ಬಳಕೆಯಾಗಿದ್ದರೂ, ಆತ ಬಿಟ್ಟುಹೋದ ಮೇಲೂ ಅದು ದಾಖಲೆಯಲ್ಲಿ ಉಳಿದಿರಬಹುದು. ತೋಟ ಕೊಳ್ಳುವಾಗ ಯಾರೂ ಇ.ಸಿ. ತೆಗೆಸದೆ ಅಡ್ವಾನ್ಸ್ ಕೊಡುವುದಿಲ್ಲ. ಸರ್ವರ್ ವಿಷಯದಲ್ಲಿ ಮಾತ್ರ ಎಲ್ಲರೂ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ಕೇಳಿ ಸುಮ್ಮನಾಗುತ್ತಾರೆ.

ಇಂಥ ಕೆಟ್ಟ ಹೆಸರಿನ ವಿಳಾಸಗಳನ್ನು ದಾಖಲಿಸಿಡುವ ಕಪ್ಪುಪಟ್ಟಿಗಳ ಕಥೆ 1997ರ ಸುಮಾರಿಗೆ ಶುರುವಾಯಿತು. ಡಿಎನ್‌ಎಸ್ (ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೆಲಸದಲ್ಲಿ ಹೆಸರುವಾಸಿಯಾದ ಪಾಲ್ ವಿಕ್ಸಿ ಮತ್ತು ಜೊತೆಗಾರರು ಸ್ಪ್ಯಾಮ್ ಕಳಿಸುವ ವಿಳಾಸಗಳ ಪಟ್ಟಿಯನ್ನು ಎಲ್ಲರೂ ಕೇಳಿ ತಿಳಿಯುವಂತೆ ಮಾಡಿದರು. ಮರುವರ್ಷ ಸ್ಟೀವ್ ಲಿನ್‌ಫೋರ್ಡ್ ಲಂಡನ್‌ನಲ್ಲಿ ಸ್ಪ್ಯಾಮ್‌ಹೌಸ್ ಶುರುಮಾಡಿದರು. ಇವತ್ತಿಗೂ ಮೇಲ್ ಸರ್ವರ್ ನಡೆಸುವವರು ಮೊದಲು ನೋಡುವ ಪಟ್ಟಿ ಅದೇ. ಕೇಳುವ ವಿಧಾನ ಬಹಳ ಸರಳ. ವಿಳಾಸದ ನಾಲ್ಕು ಸಂಖ್ಯೆಗಳನ್ನು ತಿರುಗಾಮುರುಗಾ ಬರೆದು, ಮುಂದೆ ಪಟ್ಟಿಯ ಹೆಸರು ಸೇರಿಸಿ ಡಿಎನ್‌ಎಸ್‌ನಲ್ಲಿ ಕೇಳುವುದು. ಉದಾಹರಣೆಗೆಂದೇ ಮೀಸಲಿಟ್ಟಿರುವ 203.0.113.25 ಅನ್ನೇ ತೆಗೆದುಕೊಳ್ಳಿ. ಡಿಎನ್‌ಎಸ್ ಕೇಳಲು ಬಳಸುವ ಡಿಗ್ (dig) ಕಮಾಂಡಿನಲ್ಲಿ ಹಾಕಬೇಕಾದ್ದು 25.113.0.203.zen.spamhaus.org. ಅಂಥ ಹೆಸರೇ ಇಲ್ಲ ಎಂಬ ಉತ್ತರ ಬಂದರೆ ವಿಳಾಸ ಪಟ್ಟಿಯಲ್ಲಿಲ್ಲ. 127.0.0.2 ಎಂದು ಬಂದರೆ ಸ್ಪ್ಯಾಮ್ ಮೂಲವೆಂದು ಪಟ್ಟಿಗೆ ಸೇರಿಸಿದ್ದಾರೆ. 127.0.0.3 ಬಂದರೆ ಕಳಿಸುವವರ ನಡತೆ ಸರಿಯಿಲ್ಲವೆಂದು ಯಂತ್ರವೇ ಗುರುತಿಸಿದೆ. 127.0.0.4 ಬಂದರೆ ಆ ವಿಳಾಸದಲ್ಲಿ ವೈರಸ್ ಹೊಕ್ಕ ಅಥವಾ ಪರರ ಕೈವಶವಾದ ಯಂತ್ರ ಕಂಡಿದೆ.

ಕೊನೆಯಲ್ಲಿ 10 ಅಥವಾ 11 ಬಂದರೆ ಗಾಬರಿಯಾಗಬೇಡಿ. ಇಲ್ಲಿಂದ ನೇರವಾಗಿ ಮೇಲ್ ಬರಬಾರದು ಎಂದು ಗುರುತು ಮಾಡಿದ ವಿಳಾಸಗಳ ಪಟ್ಟಿ ಅದು. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ವಿಳಾಸ ಹಾಕಿ ನೋಡಿದರೆ ಬಹುತೇಕ ಅಲ್ಲಿ ಸಿಗುತ್ತದೆ, ಅದು ಸಹಜ. ಆದರೆ ಮೇಲ್ ಸರ್ವರ್‌ಗೆಂದು ಕೊಳ್ಳುವ ವಿಳಾಸ ಅಲ್ಲಿರಬಾರದು.

ನೀವೇ ನೋಡುವಾಗ ಒಂದು ಎಚ್ಚರ ಬೇಕು. ಗೂಗಲ್‌ನ 8.8.8.8 ಥರದ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡದೆ 127.255.255.254 ಎಂಬ ಸಂಕೇತ ಕಳಿಸುತ್ತದೆ. ಹೀಗೆ ಕೇಳಿದರೆ ಹೇಳುವುದಿಲ್ಲ ಎಂಬುದು ಅದರ ಅರ್ಥ. ಅದನ್ನು ಕಂಡು ವಿಳಾಸ ಬ್ಲ್ಯಾಕ್‌ಲಿಸ್ಟ್ ಆಗಿದೆ ಎಂದು ನಮ್ಮ ಆಫೀಸಿಗೆ ಫೋನ್ ಮಾಡುವವರಿದ್ದಾರೆ. ಇಂಥ ಪಟ್ಟಿಗಳಲ್ಲೆಲ್ಲ 127.0.0.2 ಅನ್ನು ಪರೀಕ್ಷೆಗೆಂದೇ ಇಟ್ಟಿರುತ್ತಾರೆ. ಮೊದಲು ಅದನ್ನು, ಅಂದರೆ 2.0.0.127 ಎಂದು ತಿರುಗಿಸಿ ಕೇಳಿ. ಅದೂ ಸಿಗಲಿಲ್ಲವೆಂದರೆ ನಿಮ್ಮ ಪ್ರಶ್ನೆ ಆ ಕಡೆ ಮುಟ್ಟುತ್ತಲೇ ಇಲ್ಲ. ನಿಮ್ಮ ವಿಳಾಸಕ್ಕೆ ಬಂದ ‘ಇಲ್ಲ’ ಎಂಬ ಉತ್ತರವನ್ನೂ ಆಗ ನಂಬುವಂತಿಲ್ಲ. ಕಮಾಂಡ್ ಬೇಡವೆನ್ನುವವರು ಸ್ಪ್ಯಾಮ್‌ಹೌಸ್‌ನದೇ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಬಹುದು.

ಅದರ ಜೊತೆಗೆ ನಾವು ಸ್ಪ್ಯಾಮ್‌ಕಾಪ್, ಬರಾಕುಡಾ, ಸಿಸ್ಕೊ ಟಾಲೋಸ್ ಎಂಬ ಇಂಥವೇ ಸೇವೆಗಳನ್ನು ನೋಡುತ್ತೇವೆ. ಅಬ್ಯೂಸ್‌ಐಪಿಡಿಬಿಯನ್ನೂ ನೋಡುತ್ತೇವೆ, ಲಾಗಿನ್ ದಾಳಿ, ಪೋರ್ಟ್ ಸ್ಕ್ಯಾನ್ (ಬೇರೆಯವರ ಸರ್ವರಿನಲ್ಲಿ ತೆರೆದ ಬಾಗಿಲು ಹುಡುಕುವುದು) ದೂರುಗಳು ದಿನಾಂಕ ಸಮೇತ ಅಲ್ಲಿ ಸಿಗುತ್ತವೆ. ದೂರಿದೆ ಎಂದಮಾತ್ರಕ್ಕೆ ವಿಳಾಸ ಕೆಟ್ಟದ್ದಲ್ಲ, ಕೊನೆಯ ದೂರು ಯಾವಾಗಿನದು ಎಂಬುದು ಮುಖ್ಯ. ಎರಡು ವರ್ಷ ಹಿಂದಿನ ದೂರಿಗೂ ಹೋದ ವಾರದ ದೂರಿಗೂ ಅಜಗಜಾಂತರ. ಹಳೆಯ ಬರಹಗಳಲ್ಲಿ ಸಾರ್ಬ್ಸ್ ಎಂಬ ಪಟ್ಟಿಯ ಹೆಸರು ಕಂಡರೆ ಬಿಟ್ಟುಬಿಡಿ, ಅದು 2024ರ ಜೂನ್‌ನಲ್ಲಿ ಮುಚ್ಚಿತು.

ಅಕ್ಕಪಕ್ಕದ ವಿಳಾಸಗಳನ್ನೂ ನೋಡುವುದು ಒಳ್ಳೆಯದು. ಕೊನೆಯ ಸಂಖ್ಯೆ ಮಾತ್ರ ಬದಲಾಗುವ 256 ವಿಳಾಸಗಳ ಗುಂಪಿನಲ್ಲಿ ಮೂವತ್ತು ನಲವತ್ತು ಕೆಟ್ಟು ಕೂತಿದ್ದರೆ ಇಂದು ಚೊಕ್ಕಟವಾಗಿರುವ ನಿಮ್ಮದಕ್ಕೂ ನಾಳೆ ಬಿಸಿ ತಟ್ಟಬಹುದು, ಇಡೀ ಗುಂಪನ್ನೇ ತಡೆಯುವವರಿದ್ದಾರೆ. ಇದರ ಅತಿರೇಕವೂ ಉಂಟು. ಯುಸಿಇ ಪ್ರೊಟೆಕ್ಟ್ ಎಂಬ ಕಪ್ಪುಪಟ್ಟಿಯವರ ಮೂರನೇ ಹಂತದ ಪಟ್ಟಿ ಒಂದು ನೆಟ್‌ವರ್ಕ್ ಕಂಪನಿಯ ಅಷ್ಟೂ ವಿಳಾಸಗಳನ್ನು ಒಟ್ಟಿಗೆ ಸೇರಿಸಿಬಿಡುತ್ತದೆ. ಬೇಗ ಹೊರಬರಬೇಕಾದರೆ ಶುಲ್ಕ ಕೇಳುವ ಪಟ್ಟಿ ಅದು. ನಮ್ಮ ವರದಿಯಲ್ಲಿ ಅದರ ಉತ್ತರವನ್ನೂ ಬರೆದಿರುತ್ತೇವೆ, ಆದರೆ ಮೂರನೇ ಹಂತದ ಹೆಸರು ಕಂಡಿತೆಂದು ವಿಳಾಸ ಬದಲಿಸಿ ಕೊಡುವುದಿಲ್ಲ.

ಮೇಲ್ ಬಿಟ್ಟು ಬೇರೆ ತೊಂದರೆಗಳೂ ಇವೆ. ಬಾಡಿಗೆಗೆ ಬಂದ ವಿಳಾಸ ಯಾವ ವಿಳಾಸ ಯಾವ ದೇಶದ್ದೆಂದು ಹೇಳುವ ಕೆಲವು ದಾಖಲೆಕೋಶಗಳಲ್ಲಿ ಇನ್ನೂ ಹಳೇ ದೇಶದ ಹೆಸರಿನಲ್ಲೇ ಇರುತ್ತದೆ. ಸರ್ವರ್ ಇರುವುದು ಮುಂಬೈಯಲ್ಲಿ, ದಾಖಲೆಯಲ್ಲಿ ಯುರೋಪಿನ ಯಾವುದೋ ಊರು. ಭಾರತದ ಹೊರಗಿನ ವಿಳಾಸಗಳಿಗೆ ಬಾಗಿಲು ಹಾಕಿರುವ ಬ್ಯಾಂಕ್ ಮತ್ತು ಸರ್ಕಾರಿ ಸೇವೆಗಳಿಗೆ ನಿಮ್ಮ ಸಾಫ್ಟ್‌ವೇರ್ ಇಂಥ ಸರ್ವರಿನಿಂದ ಸಂಪರ್ಕಿಸಬೇಕಿದ್ದರೆ ಅಲ್ಲಿಗೆ ಕೆಲಸ ನಿಂತಿತು. ಸೊಸೈಟಿಗಳ ಲೆಕ್ಕದ ಸಾಫ್ಟ್‌ವೇರ್ ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಿ.

ತಪಾಸಣೆಗೆ ಸಿಗದ ಸಂಗತಿಯೂ ಇದೆ. ಜಿಮೇಲ್, ಔಟ್‌ಲುಕ್‌ನವರು ಪ್ರತಿ ವಿಳಾಸಕ್ಕೆ ಒಳಗೊಳಗೆ ಕೊಟ್ಟುಕೊಂಡಿರುವ ಅಂಕಗಳನ್ನು ಹೊರಗಿನ ಯಾರೂ ಮೊದಲೇ ನೋಡಲಾಗದು. ಎಲ್ಲಾ ಪಟ್ಟಿಯಲ್ಲೂ ಚೊಕ್ಕಟವಿರುವ ವಿಳಾಸದಿಂದ ಕಳಿಸಿದ್ದನ್ನೂ ಮೈಕ್ರೋಸಾಫ್ಟ್ ಎಸ್3140 ಎಂಬ ಸಂಕೇತದೊಂದಿಗೆ ವಾಪಸ್ ಮಾಡಬಹುದು. ಆ ನೆಟ್‌ವರ್ಕಿನ ಒಂದು ಭಾಗ ತಮ್ಮ ತಡೆಪಟ್ಟಿಯಲ್ಲಿದೆ ಎನ್ನುವ ಉತ್ತರ ಅದು. ಹಾಗಾಗಿ ಮೇಲ್‌ಗೆಂದೇ ಸರ್ವರ್ ಕೊಳ್ಳುವವರಿಗೆ ನಾವೇ ಆ ವಿಳಾಸದಿಂದ ಒಂದು ಜಿಮೇಲ್ ಖಾತೆಗೂ ಒಂದು ಔಟ್‌ಲುಕ್ ಖಾತೆಗೂ ಪರೀಕ್ಷೆಯ ಮೇಲ್ ಕಳಿಸಿ, ಇನ್‌ಬಾಕ್ಸಿಗೆ ಹೋಯಿತೋ ಸ್ಪ್ಯಾಮಿಗೆ ಹೋಯಿತೋ ಬರೆದು ಕೊಡುತ್ತೇವೆ. ಒಂದು ದಿನ ತಡವಾಗುವುದು ಮುಖ್ಯವಾಗಿ ಇದಕ್ಕೇ. ಇಷ್ಟಾದರೂ ವಿಳಾಸ ಚೊಕ್ಕಟವಿದೆ ಎಂದರೆ ಕೆಟ್ಟ ಹೆಸರಿಲ್ಲ ಎಂದಷ್ಟೇ. ಒಳ್ಳೆಯ ಹೆಸರನ್ನು ನೀವೇ ಗಳಿಸಬೇಕು. ಮೊದಲ ದಿನವೇ ಹಳೇ ಗ್ರಾಹಕರ ಪಟ್ಟಿಗೆಲ್ಲ ಒಟ್ಟಿಗೆ ಮೇಲ್ ಬಿಟ್ಟರೆ ಎಂಥ ವಿಳಾಸವೂ ಕೆಡುತ್ತದೆ. ಪಿಟಿಆರ್ ದಾಖಲೆ, ಅಂದರೆ ವಿಳಾಸದಿಂದ ಹೆಸರು ಸಿಗುವ ವ್ಯವಸ್ಥೆ, ಕಡ್ಡಾಯವಾಗಿ ಇರಲೇಬೇಕು. ಅದು ಇರಬೇಕೆಂದು ಗೂಗಲ್ 2024ರ ಫೆಬ್ರುವರಿಯಲ್ಲಿ ಜಾರಿಗೆ ತಂದ ನಿಯಮಗಳಲ್ಲೇ ಹೇಳಿದೆ. ಅದನ್ನು ಸರ್ವರ್ ಕೊಡುವಾಗಲೇ ನಾವು ಹಾಕಿಕೊಡುತ್ತೇವೆ, ಹೆಸರು ತಿಳಿಸಿದರೆ ಸಾಕು.

ಇನ್ನು ನಿಯಮಗಳು. ತಿಳಿಸಿದ ವಿಳಾಸವನ್ನು ಮರುದಿನ ಸಂಜೆ ಐದರವರೆಗೆ ನಿಮ್ಮ ಹೆಸರಿನಲ್ಲಿ ಕಾದಿಡುತ್ತೇವೆ. ಒಪ್ಪಿಗೆಯಾಗದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು. ಅಲ್ಲಿಗೆ ಮುಗಿಯಿತು. ಎಷ್ಟು ಸಲ ಬೇಕಾದರೂ ಬದಲಿಸಿಕೊಡುತ್ತೇವೆ ಎಂದರೆ ವಿಳಾಸ ಕೆಡಿಸಿ ಹೊಸದು ಕೇಳುವವರೇ ಮೊದಲು ಸಾಲಿನಲ್ಲಿ ನಿಲ್ಲುತ್ತಾರೆ. ಗ್ರಾಹಕರು ಬಿಟ್ಟುಹೋದ ವಿಳಾಸವನ್ನು ಇನ್ನು ಮೇಲೆ ಎರಡು ತಿಂಗಳು ಯಾರಿಗೂ ಕೊಡದೆ ಖಾಲಿ ಇಟ್ಟು, ಪಟ್ಟಿಗಳಿಂದ ಬಿಡಿಸಬೇಕಾದ್ದನ್ನು ಬಿಡಿಸಿ, ಆಮೇಲೆ ಹೊಸಬರಿಗೆ ಕೊಡುತ್ತೇವೆ.

ಅರ್ಜಿಯಲ್ಲಿ ಸರ್ವರ್ ಯಾವ ಉದ್ದೇಶಕ್ಕೆ ಎಂಬ ಪ್ರಶ್ನೆ ಇದೆ, ಖಾಲಿ ಬಿಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವರ್ಚುವಲ್ ಸರ್ವರ್ ಕೊಡುವವರು ಗ್ರಾಹಕರ ಹೆಸರು, ಸಂಪರ್ಕ, ಕೊಟ್ಟ ಐಪಿ ವಿಳಾಸ, ಪಡೆದ ಉದ್ದೇಶ ಇವನ್ನು ಗ್ರಾಹಕರು ಬಿಟ್ಟುಹೋದ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕು. ನಮಗೆ ಅದರಿಂದ ಇನ್ನೊಂದು ಉಪಯೋಗವೂ ಇದೆ: ಮೇಲ್ ಕಳಿಸುವವರಿಗೆ ಯಾವ ಗುಂಪಿನ ವಿಳಾಸ, ವೆಬ್‌ಸೈಟಿನವರಿಗೆ ಯಾವುದು ಎಂದು ವಿಂಗಡಿಸಬಹುದು.

ವೆಬ್‌ಸೈಟ್ ಮಾತ್ರ ಇಡುವವರು, ಮೇಲ್ ಎಲ್ಲವನ್ನೂ ಗೂಗಲ್ ಅಥವಾ ಬೇರೆ ಸೇವೆಯ ಮೂಲಕ ಕಳಿಸುವವರು ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ. ಅರ್ಜಿಯಲ್ಲಿ ‘ಮೇಲ್ ಇಲ್ಲ’ ಎಂದು ಗುರುತು ಹಾಕಿದರೆ ಮೊದಲಿನಂತೆ ಹತ್ತು ನಿಮಿಷದಲ್ಲೇ ಸರ್ವರ್ ಸಿಗುತ್ತದೆ. ಅಂಥವುಗಳಲ್ಲಿ ಪೋರ್ಟ್ 25, ಅಂದರೆ ಮೇಲ್ ಹೊರಹೋಗುವ ಬಾಗಿಲು, ಮುಚ್ಚಿರುತ್ತದೆ. ದೊಡ್ಡ ಕ್ಲೌಡ್ ಕಂಪನಿಗಳಲ್ಲೂ ಇದೇ ರೂಢಿ. ಬೇಕಾದಾಗ ತೆರೆಸಿಕೊಳ್ಳಬಹುದು, ಆಗ ಮೇಲೆ ಹೇಳಿದ ತಪಾಸಣೆ ನಡೆಯುತ್ತದೆ.

ಈಗಾಗಲೇ ಸರ್ವರ್ ಇರುವವರ ವಿಳಾಸ ಬದಲಾಗುವುದಿಲ್ಲ, ನವೀಕರಣವೂ ಎಂದಿನಂತೆಯೇ. ನಿಮ್ಮ ವಿಳಾಸದ ತಪಾಸಣಾ ವರದಿ ಬೇಕಿದ್ದರೆ ಬಿಲ್ ಸಂಖ್ಯೆ ಬರೆದು ಕಳಿಸಿ, ಶುಲ್ಕವಿಲ್ಲ. ವರದಿ ನೋಡಿ ವಿಳಾಸ ಬದಲಿಸಬೇಕು ಎನಿಸಿದರೆ ಕೊಯ್ಲು ಜೋರಾಗುವ ಮುಂಚೆಯೇ ಹೇಳಿ. ವಿಳಾಸ ಬದಲಾದಾಗ ಡಿಎನ್‌ಎಸ್, ಎಸ್‌ಪಿಎಫ್, ಪೇಮೆಂಟ್ ಗೇಟ್‌ವೇಯಲ್ಲಿ ಕೊಟ್ಟ ವಿಳಾಸ ಎಲ್ಲವನ್ನೂ ತಿದ್ದಬೇಕು, ಜನವರಿಯಲ್ಲಿ ಆ ಕೆಲಸಕ್ಕೆ ನಿಮಗೂ ಪುರುಸೊತ್ತಿರುವುದಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಬಂದ ಅರ್ಜಿಗೆ ಸೋಮವಾರ ಉತ್ತರ.

ಇಂತಿ,
ಸರ್ವರ್ ವಿಭಾಗ
ಐ.ಜಿ. ರಸ್ತೆ, ಚಿಕ್ಕಮಗಳೂರು