ಸಾಲಪತ್ರ ಓದಲು ಬಾರದವರಿಗೆ ಷೇರಿನ ಲೆಕ್ಕ

ಮಾನ್ಯ ಸಂಪಾದಕರೇ,

ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರವನ್ನೂ ಹಣಕಾಸಿನ ತಿಳಿವಳಿಕೆಯನ್ನೂ ಒಂದು ಹೊಸ ವಿಷಯವಾಗಿ ಕಲಿಸಬೇಕು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅವರ ಕಳಕಳಿ ನ್ಯಾಯವಾದದ್ದೇ. ಆದರೆ ಹೊಸ ವಿಷಯ, ಹೊಸ ಪುಸ್ತಕ, ಅದಕ್ಕೊಂದು ಪರೀಕ್ಷೆ ಎಂದರೆ ನನಗೆ ದಿಗಿಲಾಗುತ್ತದೆ. ನಾನು ಹಗಲು ಹೋಟೆಲುಗಳ ಲೆಕ್ಕಪತ್ರ ಬರೆಯುವವಳು, ಸಂಜೆ ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಗಣಿತ ಕಲಿಸುವವಳು. ಮಹಾರಾಷ್ಟ್ರ ಮಂಡಳಿಯ ಈಗಿನ ಗಣಿತ ಪುಸ್ತಕದ ಮೊದಲ ಭಾಗದಲ್ಲಿ, ಒಂಬತ್ತನೆಯ ತರಗತಿಗೂ ಹತ್ತನೆಯ ತರಗತಿಗೂ, ಆರ್ಥಿಕ ನಿಯೋಜನೆಯ ಪಾಠ ಇದ್ದೇ ಇದೆ. ಒಂಬತ್ತರಲ್ಲಿ ಉಳಿತಾಯ, ಹೂಡಿಕೆ, ಆದಾಯ ತೆರಿಗೆ. ಹತ್ತರಲ್ಲಿ ಜಿಎಸ್‌ಟಿ, ಷೇರು, ಮ್ಯೂಚುವಲ್ ಫಂಡ್ (ಹಲವರ ಹಣ ಸೇರಿಸಿ ಹೂಡುವ ನಿಧಿ), ಎಸ್‌ಐಪಿ (ಆ ನಿಧಿಗೆ ಕಂತುಕಂತಾಗಿ ಹಣ ಕಟ್ಟುವ ಕ್ರಮ).

ನನ್ನ ತಕರಾರು ಪಾಠದ ಅನುಕ್ರಮದ ಬಗ್ಗೆ. ನಮ್ಮ ಮಕ್ಕಳ ಮನೆಗಳಲ್ಲಿ ಹಣದ ಮಾತು ಹುಟ್ಟುವುದು ಸಂಬಳದಿಂದ, ಸಾಲದಿಂದ. ಪಾಠ ಹುಟ್ಟುವುದು ಮಿಕ್ಕ ಹಣವನ್ನು ಎಲ್ಲಿ ತೊಡಗಿಸಬೇಕು ಎಂಬಲ್ಲಿಂದ. ಮಿಕ್ಕ ಹಣ! ಷೇರಿನ ಮುಖಬೆಲೆ 100, ಮಾರುಕಟ್ಟೆ ಬೆಲೆ 120, ದಲ್ಲಾಳಿ ಶುಲ್ಕ ಇಷ್ಟು ಎಂದರೆ ಹುಡುಗರು ಸೂತ್ರ ಹಾಕಿ ಚೊಕ್ಕವಾಗಿ ಉತ್ತರ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಅದೇ ಹುಡುಗರು ಸಾಲದ ಕಾಗದದ ಮುಂದೆ ಕೈಕಟ್ಟಿ ನಿಲ್ಲುತ್ತಾರೆ.

ಕಳೆದ ಸಲ ಈ ಪಾಠ ನಡೆಯುತ್ತಿದ್ದಾಗ ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಅಣ್ಣನ ಬೈಕಿನ ಸಾಲಪತ್ರವನ್ನು ತಂದಿದ್ದ. ಸಾಲ 50,000 ರೂಪಾಯಿ, ಬಡ್ಡಿ ಶೇಕಡಾ 12, ಕಂತು 24. ಏಜೆಂಟ್ ಹೇಳಿಕೊಟ್ಟ ಲೆಕ್ಕ ಹೀಗಿತ್ತು: ವರ್ಷಕ್ಕೆ 6,000ದಂತೆ ಎರಡು ವರ್ಷದ ಬಡ್ಡಿ 12,000, ಒಟ್ಟು 62,000, ಅದನ್ನು 24ರಿಂದ ಭಾಗಿಸಿದರೆ ಕಂತು 2,583. “ಸರಿಯಾಗಿಯೇ ಇದೆಯಲ್ಲ ಟೀಚರ್” ಎಂದಿತು ಇಡೀ ತರಗತಿ. ಹಲಗೆಯ ಮೇಲೆ ತಿಂಗಳು ತಿಂಗಳಿಗೂ ಅಸಲನ್ನು ಇಳಿಸುತ್ತಾ ಹೋದೆವು. ಮೊದಲ ತಿಂಗಳು 50,000ಕ್ಕೆ 500 ಬಡ್ಡಿ, ಒಪ್ಪೋಣ. ವರ್ಷ ಮುಗಿಯುವಾಗ ಅಸಲು ಅರ್ಧ ತೀರಿದೆ, ಬಡ್ಡಿ ಅದೇ 500. ಕೊನೆಯ ತಿಂಗಳು ಉಳಿದ ಅಸಲು ಎರಡು ಸಾವಿರದ ಚಿಲ್ಲರೆ, ಆಗಲೂ 500. “ವಾಪಸು ಕೊಟ್ಟ ದುಡ್ಡಿಗೂ ಬಡ್ಡಿಯೇ?” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಉಳಿದ ಅಸಲಿಗೆ ಮಾತ್ರ ಶೇಕಡಾ 12 ಹಾಕಿದ್ದರೆ ಕಂತು 2,354 ಆಗುತ್ತಿತ್ತು, ಎರಡು ವರ್ಷದ ಬಡ್ಡಿ 6,500ನ್ನು ದಾಟುತ್ತಿರಲಿಲ್ಲ. ಬಾಯಲ್ಲಿ ಹೇಳಿದ ಶೇಕಡಾ 12 ಲೆಕ್ಕದಲ್ಲಿ ಸುಮಾರು 21.6 ಆಗಿತ್ತು. (ಪುಸ್ತಕದಲ್ಲಿ ಆರ್ಥಿಕ ನಿಯೋಜನೆಯ ಹಿಂದಿನ ಪಾಠವೇ ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಏರುವ ಇಲ್ಲವೇ ಇಳಿಯುವ ಸಂಖ್ಯೆಗಳ ಸಾಲು. ಒಂದೇ ಸಮನೆ ಇಳಿಯುವ ಆ ಅಸಲಿಗಿಂತ ಒಳ್ಳೆಯ ಉದಾಹರಣೆ ಶ್ರೇಢಿಗೆ ಬೇಕೇ?)

ಸ್ವಾರಸ್ಯವೆಂದರೆ, ನಿಜವಾದ ದರ ಅದೇ ಕಾಗದಗಳ ನಡುವೆಯೇ ಇತ್ತು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಇಂಥ ಸಾಲಗಳಿಗೆ ಮುಖ್ಯ ಅಂಶಗಳ ಪತ್ರವೊಂದನ್ನು ಕೊಡಲೇಬೇಕು, ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ತೋರಿಸಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಎಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಅಣ್ಣ ಆ ಪುಟಕ್ಕೂ ಸಹಿ ಹಾಕಿದ್ದ. ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲೋ ಮರಾಠಿಯಲ್ಲೋ ಕೊಡಿ ಎಂದು ಕೇಳುವ ಹಕ್ಕು ತನಗಿದೆ ಎಂದು ಅವನಿಗೆ ಹೇಳಿದವರು ಯಾರೂ ಇಲ್ಲ.

ಜಿಎಸ್‌ಟಿಯ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳು ಪುಸ್ತಕಕ್ಕಿಂತ ಮುಂದಿದ್ದಾರೆ. ಹೋಟೆಲಿನ ಬಿಲ್ಲಿನ ಅಡಿಯಲ್ಲಿ ಕೇಂದ್ರಕ್ಕೆ ಶೇಕಡಾ ಎರಡೂವರೆ, ರಾಜ್ಯಕ್ಕೆ ಶೇಕಡಾ ಎರಡೂವರೆ ಎಂದು ಮುದ್ರಿಸಿ ಹರಿದು ಕೊಡುವವರೇ ಅವರು. ವ್ಯಾಪಾರಿ ತಾನು ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದು ಮಿಕ್ಕದ್ದನ್ನು ಸರಕಾರಕ್ಕೆ ಕಟ್ಟುತ್ತಾನೆ ಎಂದು ಪಾಠ ಹೇಳುತ್ತದೆ. ಗಲ್ಲೆಯಲ್ಲಿ ಕೂರುವ ಹುಡುಗ ಕೇಳಿದ: “ವಾಣಿಜ್ಯ ಸಿಲಿಂಡರಿಗೆ ಶೇಕಡಾ 18 ಕೊಡುತ್ತೇವೆ, ನಮ್ಮ ಸೇಟು ಅದನ್ನು ಕಳೆಯುತ್ತಾರೆಯೇ?” ಕಳೆಯುವಂತಿಲ್ಲ. ಶೇಕಡಾ 5ರ ದರದಲ್ಲಿರುವ ಹೋಟೆಲಿಗೆ ಆ ಅವಕಾಶವಿಲ್ಲ, ಸಿಲಿಂಡರಿನ ತೆರಿಗೆ ಕೊನೆಗೆ ದೋಸೆಯ ದರದಲ್ಲೇ ಕುಳಿತುಕೊಳ್ಳುತ್ತದೆ. ಈ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ.

ಅರ್ಥಶಾಸ್ತ್ರವೂ ಹೀಗೆಯೇ. ಬೆಳಗಿನ ಜಾವ ವಾಶಿಯ ಸಗಟು ಮಾರುಕಟ್ಟೆಗೆ ಹೋಗಿ ತರಕಾರಿ ತರುವ ಹುಡುಗನಿಗೆ ಬೇಡಿಕೆ ಮತ್ತು ಪೂರೈಕೆಯ ರೇಖೆ ಎಳೆದು ತೋರಿಸುವ ಮೊದಲು ಅವನ ಮಾತನ್ನು ಕೇಳಬೇಕು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತ್ತು. ಅದನ್ನು ತರಗತಿಯಲ್ಲಿ ಎತ್ತಿದಾಗ ಹೋಟೆಲಿಗೆ ಖರೀದಿ ಮಾಡುವವರೆಲ್ಲ ಒಳ್ಳೆಯದಾಯಿತು ಎಂದರು. ವಿಜಯಪುರದ ಕಡೆಯ ಈರುಳ್ಳಿ ಬೆಳೆಯುವ ಮನೆಯ ಹುಡುಗನೊಬ್ಬ ಎದ್ದು, “ಅಗ್ಗದ ಈರುಳ್ಳಿ ನಿಮಗೆ, ಸಾಲ ನಮ್ಮಪ್ಪನಿಗೆ” ಎಂದ. ದೊಡ್ಡ ಜಗಳವೇ ಆಯಿತು, ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಒಂದು ನಿರ್ಧಾರದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳಲು ಕಲಿತರೆ ಹತ್ತನೆಯ ತರಗತಿಗೆ ಅಷ್ಟು ಅರ್ಥಶಾಸ್ತ್ರ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಮುಂಬಯಿಯ ನಮ್ಮ ಕನ್ನಡ ಸಂಘಸಂಸ್ಥೆಗಳ ಮಾತು. ವಾರ್ಷಿಕೋತ್ಸವಗಳಲ್ಲಿ ಕನಿಷ್ಠ ಒಬ್ಬ ಭಾಷಣಕಾರರಾದರೂ ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು ಎಂದು ಹೇಳದೆ ಮೈಕು ಬಿಡುವುದಿಲ್ಲ. 1906ರಲ್ಲಿ ಕೆನರಾ, ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಚಪ್ಪಾಳೆ ಬೀಳುತ್ತದೆ. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ಟಿ.ಎಂ.ಎ. ಪೈಗಳು 1928ರಲ್ಲಿ ಮನೆಮನೆಗೆ ಆಳು ಕಳಿಸಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿದ್ದೂ ನಿಜವೇ. ಆದರೆ ವೇದಿಕೆಯ ಕೆಳಗೆ ವಿದ್ಯಾರ್ಥಿವೇತನಕ್ಕೆ ಸಾಲಾಗಿ ಕುಳಿತ ಮಕ್ಕಳಲ್ಲಿ ಎಷ್ಟು ಮಂದಿಗೆ ಸ್ವಂತ ಖಾತೆ ಇದೆ? ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ಲಕೋಟೆಯಲ್ಲಿ ನಗದು ಕೊಟ್ಟು ಫೋಟೊ ತೆಗೆಸುವ ಬದಲು ಹಣವನ್ನು ಆ ಖಾತೆಗೇ ಹಾಕಬಹುದಲ್ಲ.

2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಮೊದಲಿಗೆ ಖಾತೆಯೊಂದಕ್ಕೆ 1,000 ರೂಪಾಯಿ ಮಾತ್ರ ಹಿಂಪಡೆಯಲು ಬಿಟ್ಟದ್ದು ನಮ್ಮವರಿಗೂ ನೆನಪಿದೆ. ಆಗ ಠೇವಣಿ ವಿಮೆಯ, ಅಂದರೆ ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ಸಿಗುವ ಹಣದ, ಮಿತಿ ಒಂದು ಲಕ್ಷ. 2020ರ ಫೆಬ್ರವರಿಯಲ್ಲಿ ಅದು ಐದು ಲಕ್ಷವಾಯಿತು. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಇಟ್ಟರೂ ಒಬ್ಬರ ಹೆಸರಿನ ಅಸಲು, ಬಡ್ಡಿ ಎಲ್ಲ ಸೇರಿ ಮಿತಿ ಒಂದೇ ಎಂಬುದು ಹಿರಿಯರಿಗೇ ಗೊತ್ತಿಲ್ಲ. ಮಕ್ಕಳಿಗೆ ಕಲಿಸಿದರೆ ಮನೆಗೂ ಮುಟ್ಟುತ್ತದೆ.

ಯಾರಿಂದ ಕಲಿಸಬೇಕು ಎಂಬುದರಲ್ಲಿ ಮಾತ್ರ ನಾನು ಕಠಿಣಳು. ನಮ್ಮ ಶಾಲೆಗೆ ಒಮ್ಮೆ “ಹಣಕಾಸು ಅರಿವು ಶಿಬಿರ” ನಡೆಸುತ್ತೇವೆಂದು ಟೈ ಕಟ್ಟಿದ ಇಬ್ಬರು ಬಂದರು. ಮಕ್ಕಳಿಗೆ ಪೆನ್ನು ಹಂಚಿ, ಹಾಜರಿಯ ಹೆಸರಿನಲ್ಲಿ ಮನೆಯವರ ಮೊಬೈಲ್ ನಂಬರ್ ಬರೆಸಿಕೊಂಡರು. ಮರುದಿನದಿಂದ ತಂದೆತಾಯಿಯರಿಗೆ ಪಾಲಿಸಿಯ ಕರೆಗಳು. ಇಂಥವರ ಹಂಗು ಬೇಡವೇ ಬೇಡ. ರಿಸರ್ವ್ ಬ್ಯಾಂಕಿನ ಉಚಿತ ಕಿರುಪುಸ್ತಿಕೆ ಕನ್ನಡದಲ್ಲಿಯೂ ಇದೆ. ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರ ಇಲ್ಲಿಯೇ ನವಿ ಮುಂಬಯಿಯಲ್ಲಿದೆ, ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗೆ ಪರೀಕ್ಷೆಯನ್ನೂ ನಡೆಸುತ್ತದೆ.

ಅದಕ್ಕಿಂತ ಹತ್ತಿರದವರು ಈ ಪತ್ರಿಕೆಯನ್ನು ಓದುತ್ತಿರುವ ನಿವೃತ್ತ ಬ್ಯಾಂಕ್ ನೌಕರರು. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮಲ್ಲಿ ಅವರಿಗೆ ಬರವಿಲ್ಲ. ಸಾಲದ ಫೈಲುಗಳನ್ನು ಮೂವತ್ತು ವರ್ಷ ತಿರುವಿದ ಕೈಗಳು ಅವು. ತಿಂಗಳಿಗೊಂದು ಸಂಜೆ ಯಾವುದಾದರೂ ಕನ್ನಡ ಶಾಲೆಗೆ ಬಂದು, ಮಕ್ಕಳು ಮನೆಯಿಂದ ತಂದ ಪಾಸ್‌ಬುಕ್ಕು, ಸಂಬಳದ ಚೀಟಿ, ಸಾಲದ ಕಾಗದಗಳನ್ನು ಅವರೊಡನೆ ಕುಳಿತು ಓದಲಿ. ಭಾಷಣ ಬೇಡ, ಶಾಲು ಹಾರವೂ ಇರುವುದಿಲ್ಲ. ರಾತ್ರಿಶಾಲೆಯ ಮಕ್ಕಳು ಕೆಲಸ ಮುಗಿಸಿ ಬರುವುದರಿಂದ ಏಳು ಗಂಟೆಯ ನಂತರ ಬಂದರೆ ಅನುಕೂಲ. ಬರುವ ಮನಸ್ಸಿರುವವರು ತಮ್ಮ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಬಹುದು.

— ರಾತ್ರಿಶಾಲೆಯ ಗಣಿತ ಶಿಕ್ಷಕಿ, ಡೊಂಬಿವಲಿ ಪೂರ್ವ